ಹದಿನಾಲ್ಕು ಸಾವಿರ ಭಾಗಗಳ ಹಗುರ ನಕ್ಷೆ

"ಅರ್ಧ ಗಂಟೆ ಕೆಲಸ, ಸಾರ್," ಎಂದು ಗೆರೆಯಪ್ಪ ಹೇಳಿಬಿಟ್ಟ.

ಬೆಳಿಗ್ಗೆ ಒಂಬತ್ತೂವರೆ ಆಗಿತ್ತು. ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಳ್ಳಬೇಕೆಂದು ಮರುಕ್ಷಣವೇ ಅವನಿಗೆ ಅನ್ನಿಸಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರು ಆಗಲೇ ಕೈಗಡಿಯಾರ ನೋಡಿಕೊಂಡು, "ಸರಿ, ಹತ್ತಕ್ಕೆ ನನ್ನ ಟೇಬಲ್ ಮೇಲಿರಲಿ" ಎಂದು ಬಾಗಿಲ ಕಡೆ ತಿರುಗಿದ್ದರು.

ಗೆರೆಯಪ್ಪ ಎಂಬುದು ಅವನ ಹೆಸರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಓರೆ ಹಲಗೆಯ ಮುಂದೆ ನಿಂತು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ ಕಾಲಕ್ಕೆ ಯಾರೋ ಇಟ್ಟ ಹೆಸರು ಅದು. ಹಲಗೆ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಹೋಗಲಿಲ್ಲ. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮತ್ತು ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು.

ಅವರ ಕಾರ್ಖಾನೆ ತಯಾರಿಸುವುದು ಗಾಜಿನ ಬಾಟಲಿ ತೊಳೆಯುವ ಯಂತ್ರ. ಒಂದು ತುದಿಯಲ್ಲಿ ಕೊಳೆ ಬಾಟಲಿ ಒಳಗೆ ಹೋಗುತ್ತದೆ. ಮುಳುಗಿ, ತಲೆಕೆಳಗಾಗಿ, ಬಿಸಿನೀರಿನ ಏಟು ತಿಂದು, ಇನ್ನೊಂದು ತುದಿಯಲ್ಲಿ ಫಳಫಳ ಹೊಳೆಯುತ್ತ ಹೊರಬರುತ್ತದೆ. ಒಂದು ಯಂತ್ರದಲ್ಲಿ ಹದಿನಾಲ್ಕು ಸಾವಿರದ ಮುನ್ನೂರು ಬಿಡಿಭಾಗ. ಅಷ್ಟನ್ನೂ ಗೆರೆಯಪ್ಪ ಒಂದೊಂದಾಗಿ ಕಂಪ್ಯೂಟರಿನೊಳಗೆ ಬಿಡಿಸಿ, ಜೋಡಿಸಿ ಇಟ್ಟಿದ್ದ. ಬಿಡಿಸುವುದು ಒಂದು ಕಷ್ಟವಾದರೆ, ಜೋಡಿಸಿಟ್ಟ ಇಡೀ ಯಂತ್ರವನ್ನು ತೆರೆದು ಅದರಿಂದ ಕಾಗದದ ಮೇಲಿನ ನಕ್ಷೆ ತೆಗೆಯುವುದು ಇನ್ನೊಂದು ಕಷ್ಟ. ಹಿಂದಿನ ಸಲ ಈ ಕೆಲಸಕ್ಕೆ ಅವನಿಗೆ ಒಂದೂವರೆ ದಿನ ಹಿಡಿದಿತ್ತು.

ಹಾಗಿದ್ದೂ ಅರ್ಧ ಗಂಟೆ ಎಂದದ್ದೇಕೆ? ಯಜಮಾನರ ಬೆನ್ನ ಹಿಂದೆ ಅವರ ಭಾಮೈದ ನಿಂತಿದ್ದ, ಅದಕ್ಕೆ.

"ಬಾಟಲಿ ಕಂಪನಿ ಅಮ್ಮ ಗುರುವಾರ ಬರ್ತೀನಿ ಅಂದಿದ್ರು," ಎಂದು ಯಜಮಾನರು ಮಾತು ಶುರುಮಾಡಿದ್ದರು. "ಈಗ ಫೋನ್ ಬಂತು. ಇವತ್ತೇ ಮೂರು ಗಂಟೆಗಂತೆ. ಪೂರ್ತಿ ಯಂತ್ರ ಒಂದೇ ಹಾಳೆಲಿ ಕಾಣ್ಬೇಕಂತೆ. ಮುಂದಿಂದ, ಪಕ್ಕದಿಂದ, ಮೇಲಿಂದ. ಒಪ್ಪಿಗೆ ಆದ್ರೆ ಕೂತಲ್ಲೇ ಸಹಿ. ಎಷ್ಟು ಹೊತ್ತು ಬೇಕು ನಿಮಗೆ?"

ಗೆರೆಯಪ್ಪ ಬಾಯಿ ತೆರೆಯುವುದರೊಳಗೆ ಭಾಮೈದ ತೆರೆದಿದ್ದ. "ನಾನು ಹೇಳ್ತಾನೇ ಇದೀನಲ್ಲ ಭಾವ, ಹೊರಗಡೆ ನನಗೆ ಗೊತ್ತಿರೋರೊಬ್ರು ಇದಾರೆ. ಎಲ್ಲಾ ಹೊಸ ಕಂಪ್ಯೂಟರು. ಡ್ರಾಯಿಂಗೆಲ್ಲ ಅವರಿಗೇ ಕೊಟ್ಬಿಟ್ರೆ ಇಲ್ಲಿ ಈ ರೂಮು ಖಾಲಿ ಆಗುತ್ತೆ, ಸ್ಟೋರಿಗೆ ಜಾಗ ಸಿಗುತ್ತೆ."

ತಾನು ಕೂತ ಕುರ್ಚಿಯ ಮೇಲೆ ಬಣ್ಣದ ಡಬ್ಬಗಳು ಪೇರಿಸಿರುವ ಚಿತ್ರ ಗೆರೆಯಪ್ಪನ ಕಣ್ಣ ಮುಂದೆ ಹಾದುಹೋಯಿತು. ಆಗ ಬಾಯಿಂದ ಹೊರಟದ್ದು ಆ ಮಾತು.

ಕಾರ್ಖಾನೆಗೆ ಏಳು ತಿಂಗಳಿಂದ ಹೊಸ ಕೆಲಸ ಬಂದಿರಲಿಲ್ಲ. ಅರ್ಧದಷ್ಟು ಲೇತುಗಳಿಗೆ ಬಟ್ಟೆ ಮುಚ್ಚಿತ್ತು. ಕೆಲಸದವರು ಹೊತ್ತು ಕಳೆಯಲು ದಿನಕ್ಕೆ ಎರಡು ಸಲ ನೆಲ ಗುಡಿಸುತ್ತಿದ್ದರು. ಇವತ್ತು ಸಹಿ ಬಿದ್ದರೆ ಮೂವತ್ತನಾಲ್ಕು ಜನರ ಕೈಗೆ ವರ್ಷದ ಕೆಲಸ. ಬೀಳದಿದ್ದರೆ ಏನು ಎಂಬುದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನೆಲವನ್ನು ಮಾತ್ರ ಮೂರನೆಯ ಸಲವೂ ಗುಡಿಸುತ್ತಿದ್ದರು.

ಗೆರೆಯಪ್ಪ ಕಂಪ್ಯೂಟರಿಗೆ ಕೈಮುಗಿಯುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿ ಯಂತ್ರದ ಫೈಲು ತೆರೆದ. ಪರದೆಯ ಕೆಳಗೆ ಒಂದು ಹಸಿರು ಪಟ್ಟಿ ಬಂತು. ಶೇಕಡಾ ಒಂದು. ಕಂಪ್ಯೂಟರಿಗೆ ಒಂಬತ್ತು ವರ್ಷ ತುಂಬಿತ್ತು. ಆ ಜಾತಿಯಲ್ಲಿ ಅದು ಹಣ್ಣು ಹಣ್ಣು ಮುದುಕ. ಮೆಟ್ಟಿಲು ಹತ್ತುವ ದಮ್ಮಿನ ರೋಗಿಯಂತೆ ಒಳಗಿನ ಫ್ಯಾನು ಏದುಸಿರು ಬಿಡತೊಡಗಿತು.

ಹತ್ತು ಗಂಟೆಗೆ ಪಟ್ಟಿ ಶೇಕಡಾ ಇಪ್ಪತ್ತೆರಡಕ್ಕೆ ಬಂದಿತ್ತು. ಇಂಟರ್‌ಕಾಮ್ ಗುರ್ರೆಂದಿತು.

"ಆಯ್ತಾ?"

"ಬರ್ತಾ ಇದೆ ಸಾರ್."

"ಎಲ್ಲಿಂದ?"

ಫೋನಿಟ್ಟ ಕೂಡಲೇ ಜೇಬಿನ ಮೊಬೈಲು ನಡುಗಿತು. ಮಾವ. ಹೆಂಡತಿಯ ತಂದೆಗೆ ನಿನ್ನೆ ಕಣ್ಣಿನ ಪೊರೆ ತೆಗೆದಿದ್ದರು. ಇವತ್ತು ಸಾಯಂಕಾಲ ಐದಕ್ಕೆ ಡಾಕ್ಟರ ಬಳಿ ಕರೆದೊಯ್ದು ಪಟ್ಟಿ ಬಿಚ್ಚಿಸುವುದು ಅಳಿಯನ ಹೊಣೆ. ಹೆಂಡತಿ ಶಾಲೆಯಲ್ಲಿ ಟೀಚರು, ಪರೀಕ್ಷೆ ಬಿಟ್ಟು ಬರುವಂತಿರಲಿಲ್ಲ.

"ಅಳಿಯಂದ್ರೆ, ಹೊರಟ್ರಾ?"

"ಮಾವ, ಇನ್ನೂ ಬೆಳಿಗ್ಗೆ ಹತ್ತು."

"ಹೌದಾ? ಒಂದು ಕಣ್ಣಲ್ಲಿ ಗಡಿಯಾರದ ಎರಡು ಮುಳ್ಳೂ ಒಂದೇ ಥರ ಕಾಣುತ್ತಪ್ಪ. ಸರಿ, ಆಮೇಲೆ ಮಾಡ್ತೀನಿ."

ಹತ್ತೂವರೆಗೆ ಖರೀದಿ ವಿಭಾಗದ ಗುಮಾಸ್ತರು ಟೀ ಲೋಟ ಹಿಡಿದು ಬಂದರು. ಕೊಳ್ಳುವುದಕ್ಕೆ ಏನೂ ಇಲ್ಲದ ಕಾರಣ ಏಳು ತಿಂಗಳಿಂದ ಅವರು ಬೇರೆಯವರ ಕೆಲಸ ನೋಡಿಕೊಂಡು ಕಾಲ ಹಾಕುತ್ತಿದ್ದರು. ಗೆರೆಯಪ್ಪನ ಹಿಂದಿದ್ದ ಸ್ಟೂಲಿನ ಮೇಲೆ, ನಾಟಕಕ್ಕೆ ಮುಂದಿನ ಸಾಲಿನ ಟಿಕೆಟ್ ತೆಗೆದವರಂತೆ ಕೂತರು.

"ಎಷ್ಟಾಯ್ತು?"

"ಮೂವತ್ತೊಂದು."

"ಭಾರ ಜಾಸ್ತಿ ಆಗಿದೆ ಕಣ್ರೀ. ಏನಾದ್ರೂ ಇಳಿಸಿ."

"ಅದೇ ಯೋಚನೆ ಮಾಡ್ತಿದೀನಿ. ಬೋಲ್ಟುಗಳೇ ಐದು ಸಾವಿರದ ಮೇಲಿವೆ. ಅವನ್ನ ಮರೆಮಾಡಿದ್ರೆ ಅರ್ಧ ಹಗುರ ಆಗುತ್ತೆ."

ಗುಮಾಸ್ತರ ಲೋಟ ತುಟಿಯ ಹತ್ತಿರವೇ ನಿಂತಿತು. "ಬೋಲ್ಟು ಮರೆಮಾಡ್ತೀರಾ? ಒಂದೊಂದನ್ನೂ ನಾನು ಅಳೆದು ಸುರಿದು ತರಿಸ್ತೀನಿ ಗೊತ್ತಾ? ತುಕ್ಕು ಹಿಡಿಯದ ಉಕ್ಕು. ಯಂತ್ರ ನಿಂತಿರೋದೇ ಅದ್ರಿಂದ. ಆ ಅಮ್ಮನಿಗೆ ಬೋಲ್ಟೇ ಇಲ್ಲದ ಯಂತ್ರ ತೋರಿಸಿದ್ರೆ ಏನಂದ್ಕೋತಾರೆ, ಅಂಟು ಹಚ್ಚಿ ನಿಲ್ಲಿಸಿದೀವಿ ಅಂತಲಾ?"

"ಹಾಳೆ ಮೇಲೆ ಅವು ಸಾಸಿವೆ ಕಾಳಷ್ಟೂ ಕಾಣಲ್ಲ ಸ್ವಾಮಿ."

"ಕಾಣದಿದ್ರೇನು, ಇರಬೇಕು."

ಅಷ್ಟರಲ್ಲಿ ಫ್ಯೂಸಣ್ಣ ಬಂದ. ಕಾರ್ಖಾನೆಯ ವಿದ್ಯುತ್ ಕೆಲಸದವನು. ಎಲ್ಲಿ ಏನು ಕೆಟ್ಟರೂ ಮೊದಲು ಫ್ಯೂಸು ಕಿತ್ತು ನೋಡುವವನು. ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಡಾಕ್ಟರಂತೆ ಮುಖ ಮಾಡಿದ.

"ಮೈ ಸುಡ್ತಾ ಇದೆ. ಹೀಗೇ ಬಿಟ್ರೆ ಕೈಕೊಡುತ್ತೆ."

"ಮುಟ್ಬೇಡ ಮಾರಾಯ. ಅದರ ಪಾಡಿಗೆ ಬಿಡು."

"ಬರೀ ಗಾಳಿ ಬೇಕು ಅದಕ್ಕೆ. ಇರಿ."

ಫ್ಯೂಸಣ್ಣ ಹೋದವನು ಬೆಸುಗೆ ಶೆಡ್ಡಿನಿಂದ ಎದೆಯುದ್ದದ ಫ್ಯಾನೊಂದನ್ನು ತಳ್ಳಿಕೊಂಡು ಬಂದ. ಕಂಪ್ಯೂಟರಿನ ಡಬ್ಬದ ಮುಚ್ಚಳ ತೆಗೆದು, ಅದರ ಕರುಳಿಗೆ ನೇರವಾಗಿ ಗಾಳಿ ಬೀಳುವ ಹಾಗೆ ನಿಲ್ಲಿಸಿದ. ಗೆರೆಯಪ್ಪ ಬೇಡ ಬೇಡ ಎನ್ನುತ್ತಲೇ ಇದ್ದ. ಆದರೆ ಅವನ ಕಣ್ಣು ಪಟ್ಟಿಯ ಮೇಲಿತ್ತು. ಹನ್ನೊಂದೂ ಮುಕ್ಕಾಲು. ಶೇಕಡಾ ಎಂಬತ್ತೊಂಬತ್ತು. ತೊಂಬತ್ತು. ತೊಂಬತ್ತೊಂದು. ಗುಮಾಸ್ತರು ಸ್ಟೂಲಿನಿಂದ ಎದ್ದು ಅವನ ಭುಜದ ಮೇಲೆ ಬಗ್ಗಿದರು. ಅವರ ಟೀ ವಾಸನೆಯ ಉಸಿರು ಗೆರೆಯಪ್ಪನ ಕಿವಿಗೆ ತಾಗುತ್ತಿತ್ತು.

"ತೊಂಬತ್ತಾರು," ಎಂದರು ಅವರು ಪಿಸುಮಾತಿನಲ್ಲಿ.

ಫ್ಯೂಸಣ್ಣ ಫ್ಯಾನಿನ ಪ್ಲಗ್ಗನ್ನು ಕಂಪ್ಯೂಟರಿನ ಪಕ್ಕದ ಸಾಕೆಟ್ಟಿಗೇ ತೂರಿಸಿ ಸ್ವಿಚ್ಚು ಒತ್ತಿದ. ಗೋಡೆಯೊಳಗೆಲ್ಲೋ ಟಪ್ ಎಂದಿತು. ಪರದೆ ಕಪ್ಪಾಯಿತು. ದೀಪ ಆರಿತು. ಎರಡು ರೂಮಿನಾಚೆ ಯಾರೋ "ಅಯ್ಯೋ" ಎಂದದ್ದು ಕೇಳಿಸಿತು.

ಗುಮಾಸ್ತರು ಮೆಲ್ಲಗೆ ಸ್ಟೂಲಿಗೆ ಮರಳಿದರು.

"ಫ್ಯೂಸು," ಎಂದ ಫ್ಯೂಸಣ್ಣ.

ಅವನು ಫ್ಯೂಸು ಹಾಕಿ ಬರುವ ಹೊತ್ತಿಗೆ ಹನ್ನೆರಡೂ ಇಪ್ಪತ್ತು. ಗೆರೆಯಪ್ಪ ಊಟದ ಡಬ್ಬಿಯ ಮುಚ್ಚಳ ತೆಗೆದು, ಒಂದು ಸಲ ನೋಡಿ, ಮತ್ತೆ ಮುಚ್ಚಿದ. ಮೊದಲಿನ ದಾರಿಯಲ್ಲೇ ಹೋದರೆ ಯಂತ್ರ ತೆರೆಯುವಷ್ಟರಲ್ಲೇ ಮೂರು ಗಂಟೆ. ಆಮೇಲೆ ನೋಟ ಒಂದೊಂದಕ್ಕೂ ಒಂದೊಂದು ಗಂಟೆ.

ಇನ್ನೊಂದು ದಾರಿ ಇತ್ತು. ಫೈಲು ತೆರೆಯುವಾಗ ಮೂಲೆಯಲ್ಲೊಂದು ಹಕ್ಕಿಗರಿಯ ಚಿತ್ರ ಕಾಣುತ್ತಿತ್ತು, ಪಕ್ಕದಲ್ಲಿ ಹಗುರ ಎಂಬರ್ಥದ 'ಲೈಟ್‌ವೇಟ್' ಎಂಬ ಮಾತು. ಅದನ್ನು ಒತ್ತಿದರೆ ಕಂಪ್ಯೂಟರು ಪ್ರತಿ ಭಾಗದ ಪೂರ್ತಿ ಚರಿತ್ರೆ ಓದುವುದಿಲ್ಲ, ಹೊರಮೈ ಮಾತ್ರ ತರುತ್ತದೆ. ಮನೆಗೆ ನೂರು ಜನ ನೆಂಟರು ಒಟ್ಟಿಗೇ ಬಂದರೆ ಎಲ್ಲರ ಊರು ಕೇರಿ, ಮಕ್ಕಳು ಮರಿ, ಮಂಡಿನೋವು ವಿಚಾರಿಸುತ್ತ ಕೂರುವುದಿಲ್ಲ. ಬನ್ನಿ, ಕೂತ್ಕೊಳ್ಳಿ ಎಂದು ಒಳಗೆ ಸಾಗಹಾಕುತ್ತೇವಲ್ಲ, ಹಾಗೆ. ಗೆರೆಯಪ್ಪ ಈವರೆಗೆ ಆ ಗರಿಯನ್ನು ಮುಟ್ಟಿರಲಿಲ್ಲ. ಪೆನ್ಸಿಲಿನ ಕಾಲದವನಿಗೆ ಅದು ಕಳ್ಳದಾರಿ ಅನ್ನಿಸುತ್ತಿತ್ತು.

ಈಗ ಮುಟ್ಟಿದ. ಏಳೇ ನಿಮಿಷದಲ್ಲಿ ಇಡೀ ಯಂತ್ರ ಪರದೆಯ ಮೇಲೆ ಬಂದು ನಿಂತಿತು.

"ನೋಡಿದ್ರಾ," ಎಂದ ಫ್ಯೂಸಣ್ಣ, "ನಾನು ಗಾಳಿ ಹಾಕಿದ್ದಕ್ಕೆ."

ಗೆರೆಯಪ್ಪನಿಗೆ ಅವನ ಮೇಲೆ ರೇಗುವಷ್ಟೂ ಪುರುಸೊತ್ತು ಇರಲಿಲ್ಲ. ಖಾಲಿ ಹಾಳೆ ತೆರೆದು, ಯಂತ್ರದ ಮುಂಭಾಗದ ನೋಟ ಬೇಕೆಂದು ಕೇಳಿದ. ಪರದೆಯ ಮೇಲಿನ ಮೌಸಿನ ಬಾಣ ಗುಂಡಗಾಗಿ ತಿರುಗತೊಡಗಿತು. ತಿರುಗಿತು, ತಿರುಗಿತು. ಒಂದು ಗಂಟೆಯಾದರೂ ತಿರುಗುತ್ತಲೇ ಇತ್ತು. ಹೊರಮೈ ಮಾತ್ರ ತಂದರೂ ಹದಿನಾಲ್ಕು ಸಾವಿರ ಹೊರಮೈಗಳು. ಯಾವುದು ಯಾವುದರ ಹಿಂದೆ ಅಡಗಿದೆ, ಯಾವ ಗೆರೆ ಕಾಣಬೇಕು, ಯಾವುದು ಕಾಣಬಾರದು ಎಂದು ಆ ಮುದಿ ಕಂಪ್ಯೂಟರು ಎಣಿಸುತ್ತ ಕೂತಿತ್ತು.

ಇಂಟರ್‌ಕಾಮ್ ಮತ್ತೆ ಗುರ್ರೆಂದಿತು. ಈಗ ಯಜಮಾನರು ಆಯ್ತಾ ಎಂದೂ ಕೇಳಲಿಲ್ಲ. "ನನ್ನ ಭಾಮೈದ ಅವರಿಗೆ ಫೋನ್ ಮಾಡ್ಲಾ ಅಂತ ಕೇಳ್ತಿದಾನೆ," ಎಂದಷ್ಟೇ ಹೇಳಿದರು.

"ಬೇಡ ಸಾರ್. ಮುಗೀತಾ ಬಂತು."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಹೊರಬಂದದ್ದನ್ನು ಕಂಡು ಅವನಿಗೇ ದಿಗಿಲಾಯಿತು.

ಬೇರೆ ದಾರಿ ಇರಲಿಲ್ಲ. ತಿರುಗುತ್ತಿದ್ದುದನ್ನು ನಿಲ್ಲಿಸಿ ಭಾಗಗಳನ್ನು ಮರೆಮಾಡತೊಡಗಿದ. ಗುಮಾಸ್ತರು ಊಟಕ್ಕೆ ಎದ್ದು ಹೋದದ್ದೇ ತಡ, ಐದು ಸಾವಿರ ಬೋಲ್ಟು ಒಂದೇ ಏಟಿಗೆ ಮಾಯ. ಫ್ಯೂಸಣ್ಣ ಬೀಡಿ ಸೇದಲು ಹೋದಾಗ ವೈರುಗಳೆಲ್ಲ ಮಾಯ. ಅವನಿದ್ದಾಗ ಮುಟ್ಟಿದ್ದರೆ ವೈರಿಲ್ಲದ ಯಂತ್ರ ಯಾವ ಶಕ್ತಿಯಿಂದ ಓಡುತ್ತದೆ ಎಂದು ವಾದ ಹೂಡುತ್ತಿದ್ದ. ಬಾಟಲಿ ಹಿಡಿದುಕೊಳ್ಳುವ ಎಂಟುನೂರ ನಲವತ್ತು ಬಟ್ಟಲುಗಳಲ್ಲಿ ತುದಿಯ ಎರಡು ಸಾಲು ಉಳಿಸಿ ಮಿಕ್ಕವನ್ನು ಕಿತ್ತ. ಬೆರಳು ಬೆವರಿ ಮೌಸು ಜಾರುತ್ತಿತ್ತು. ತನ್ನ ಮನೆಗೇ ಕನ್ನ ಹಾಕುತ್ತಿರುವ ಹಾಗಿತ್ತು. ಅಷ್ಟೆಲ್ಲ ಕಿತ್ತು ಮತ್ತೆ ನೋಟ ಕೇಳಿದರೂ ಬಾಣ ತಿರುಗುತ್ತಲೇ ಇತ್ತು.

ಎರಡೂವರೆಗೆ ಬಾಗಿಲು ತೆರೆಯಿತು. ಗುಮಾಸ್ತರಿರಬೇಕೆಂದು ತಿರುಗಿದರೆ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಕೊಡೆ ಹಿಡಿದ ಮಾವ.

"ಮಾವ, ನೀವ್ಯಾಕೆ ಬಂದ್ರಿ? ನಾನೇ ಬಂದು ಕರ್ಕೊಂಡು ಹೋಗ್ತಿದ್ದೆ."

"ನಾಲ್ಕು ಸಲ ಫೋನ್ ಮಾಡ್ದೆ, ನೀವು ಎತ್ಲಿಲ್ಲ. ಬಸ್ ಹತ್ತಿದೆ. ಕಂಡಕ್ಟರ್ ಒಳ್ಳೆಯವನು, ಕೈಹಿಡಿದು ಇಳಿಸ್ದ." ಮಾವ ತಡವುತ್ತ ಬಂದು ಗುಮಾಸ್ತರ ಸ್ಟೂಲಿನ ಮೇಲೆ ಕೂತು ಪರದೆಯತ್ತ ಕತ್ತು ಚಾಚಿದರು. "ಏನಿದು, ಹಡಗಾ?"

"ಬಾಟಲಿ ತೊಳೆಯೋ ಯಂತ್ರ."

"ತಲೆ ಮೇಲೇನದು, ಬಲೆ ಬಲೆ?"

ಅದು ಹಬೆಯನ್ನು ಹೊರಹಾಕುವ ಫ್ಯಾನಿನ ಗೂಡು, ಯಂತ್ರದ ನೆತ್ತಿಯ ಮೇಲೆ ಕೂತಿದ್ದ ಉಕ್ಕಿನ ಪೆಟ್ಟಿಗೆ. ಅದಕ್ಕೆ ಸುತ್ತ ಜಾಲರಿ. ಜಾಲರಿಗೆ ಒಂಬತ್ತು ಸಾವಿರ ತೂತು. ಒಂದೊಂದು ತೂತನ್ನೂ ಕಂಪ್ಯೂಟರು ಬೇರೆ ಬೇರೆಯಾಗಿ ಗೆರೆ ಎಳೆದು ತೋರಿಸಬೇಕು. ಗೆರೆಯಪ್ಪನಿಗೆ ಥಟ್ಟನೆ ಹೊಳೆಯಿತು. ಬೆಳಿಗ್ಗೆಯಿಂದ ತನ್ನನ್ನು ಅರೆಯುತ್ತಿದ್ದ ಕಲ್ಲು ಇದೇ. ಎರಡು ಕಣ್ಣಿನವರು ಮೂವರು ಕೂತು ನೋಡಿದರೂ ಕಾಣದ್ದು ಒಂದೇ ಕಣ್ಣಿಗೆ ಕಂಡಿತ್ತು.

ಎರಡೂ ಮುಕ್ಕಾಲು. ಕಿಟಕಿಯಾಚೆ ಗೇಟಿನ ಬಳಿ ಕಾರಿನ ಹಾರ್ನು ಕೇಳಿಸಿತು. ಹದಿನೈದು ನಿಮಿಷ ಮೊದಲೇ ಬಂದಿದ್ದರು.

ಗೆರೆಯಪ್ಪ ಜಾಲರಿ ಒಂದನ್ನೇ ಹುಡುಕಿ ತೆಗೆಯುವಷ್ಟು ಹೊತ್ತಿರಲಿಲ್ಲ. ಇಡೀ ಗೂಡನ್ನೇ ಮರೆಮಾಡಿ, ಮತ್ತೆ ನೋಟ ಕೇಳಿದ. ಬಾಣ ಒಂದು ಸುತ್ತು ತಿರುಗಿತು. ಆಮೇಲೆ, ಕಟ್ಟಿದ ಮೂಗು ಬಿಟ್ಟ ಹಾಗೆ, ಮುಂಭಾಗದ ನೋಟ ಹಾಳೆಯ ಮೇಲೆ ಬಂತು. ಹಿಂದೆಯೇ ಪಕ್ಕದ್ದು. ಹಿಂದೆಯೇ ಮೇಲಿನದು. ಉದ್ದ, ಅಗಲ, ಎತ್ತರದ ಅಳತೆಗಳನ್ನು ಕಂಪ್ಯೂಟರು ತಾನೇ ತಾನಾಗಿ ಬರೆದುಕೊಂಡಿತು. ಪ್ರಿಂಟು ಒತ್ತಿದ.

ದೊಡ್ಡ ಪ್ರಿಂಟರಿನಿಂದ ಹಾಳೆ ಇಂಚಿಂಚೇ ಇಳಿಯುತ್ತಿರುವಾಗ ಗೆರೆಯಪ್ಪ ಎತ್ತರದ ಅಂಕಿ ನೋಡಿದ. ಎರಡು ಸಾವಿರದ ಎಂಟುನೂರ ಅರವತ್ತು ಮಿಲಿಮೀಟರ್. ಮೂರು ಸಾವಿರದ ಇನ್ನೂರ ನಲವತ್ತು ಇರಬೇಕಿತ್ತು. ಗೂಡು ಹೋಯಿತು, ಅದರ ಎತ್ತರವೂ ಹೋಯಿತು. ಪರವಾಗಿಲ್ಲ, ಅಂಚಿನಲ್ಲಿ 'ಮೇಲಿನ ಗೂಡನ್ನು ತೋರಿಸಿಲ್ಲ' ಎಂದು ಕೈಯಲ್ಲೇ ಬರೆದರಾಯಿತು. ಮೇಜಿನ ಖಾನೆಯಲ್ಲಿ ಪೆನ್ನಿಗಾಗಿ ಕೈಯಾಡಿಸಿದ.

ಅಷ್ಟರಲ್ಲಿ ಯಜಮಾನರೇ ಒಳಗೆ ನುಗ್ಗಿ, ಹಾಳೆಯನ್ನು ಪ್ರಿಂಟರಿನ ಬಾಯಿಂದ ಕಿತ್ತುಕೊಂಡರು. "ಬನ್ನಿ ನನ್ನ ಜೊತೆ. ಏನಾದ್ರೂ ಕೇಳಿದ್ರೆ ನೀವೇ ಹೇಳ್ಬೇಕು."

"ಸಾರ್, ಒಂದ್ ಸಾಲು ಬರೀಬೇಕಿತ್ತು."

"ಬರೆಯೋ ಕಾಲ ಮುಗೀತು ಕಣ್ರೀ."

ಯಜಮಾನರ ಕೋಣೆಯಲ್ಲಿ ಬಾಟಲಿ ಕಂಪನಿಯ ಒಡತಿ ಆಗಲೇ ಕೂತಿದ್ದರು. ಅರವತ್ತರ ಹೆಂಗಸು, ಮೊಣಕೈವರೆಗೆ ಮಡಿಸಿದ ಅಂಗಿಯ ತೋಳು, ಮಾತಿಗೆ ಮುಂಚೆ ಕಣ್ಣು ಕಿರಿದು ಮಾಡುವ ಅಭ್ಯಾಸ. ಪಕ್ಕದಲ್ಲಿ ಅವರ ಕಟ್ಟಡದ ನಕ್ಷೆಗಾರ, ಒಣಗಿದ ಪಡವಲಕಾಯಿಯಂಥ ಉದ್ದನೆಯ ಮನುಷ್ಯ, ಸುರುಳಿ ಸುತ್ತಿದ ಹಾಳೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಒಡತಿ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಬೋಲ್ಟು ಇಲ್ಲ, ವೈರಿಲ್ಲ. ನಕ್ಷೆ ಇಸ್ತ್ರಿ ಮಾಡಿದ ಅಂಗಿಯಂತೆ ಚೊಕ್ಕವಾಗಿತ್ತು. ಅವರು ಅದ್ಯಾವುದನ್ನೂ ನೋಡಲಿಲ್ಲ. ಬೆರಳು ನೇರವಾಗಿ ಎತ್ತರದ ಅಂಕಿಯ ಮೇಲೆ ಹೋಗಿ ನಿಂತಿತು.

"ಎರಡು ಸಾವಿರದ ಎಂಟುನೂರ ಅರವತ್ತು. ನಮ್ಮ ಹೊಸ ಬಾಗಿಲು ಎಷ್ಟು?"

"ಮೂರು ಸಾವಿರ, ಅಮ್ಮ," ಎಂದ ನಕ್ಷೆಗಾರ.

"ಹಿಂದಿನ ಯಂತ್ರ ಬಂದಾಗ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ತು," ಎಂದು ಒಡತಿ ಯಜಮಾನರಿಗೆ ಹೇಳಿದರು. "ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೊನೆಗೆ ಗೋಡೆ ಒಡೆಸ್ದೆ. ಇಪ್ಪತ್ತೆರಡು ದಿನ ಕೆಲಸ ನಿಂತಿತ್ತು. ಮಳೆ ಬೇರೆ. ನನ್ನ ಜನ ಸರದಿ ಮೇಲೆ ಟಾರ್ಪಾಲು ಹಿಡ್ಕೊಂಡು ನಿಂತಿದ್ರು. ಒಬ್ಬ ಜಾರಿ ಬಿದ್ದು ಸೊಂಟ ಮುರ್ಕೊಂಡ, ಇವತ್ತಿಗೂ ಕುಂಟ್ತಾನೆ. ಅದಕ್ಕೇ ಈಗ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಎತ್ತರ ಕೇಳ್ತೀನಿ. ಇದು ಸರಿಯಾಗಿದೆ. ಎಲ್ಲಿ, ಕಾಗದ ಕೊಡಿ."

ಯಜಮಾನರು ಒಪ್ಪಂದದ ಕಾಗದವನ್ನು ಮುಂದಕ್ಕೆ ಸರಿಸಿದರು. ಬಾಗಿಲ ಗಾಜಿನಾಚೆ ಗುಮಾಸ್ತರ ಮುಖ, ಫ್ಯೂಸಣ್ಣನ ಮುಖ, ಮಾವನ ಪಟ್ಟಿ ಕಟ್ಟಿದ ಮುಖ ಒಂದರ ಪಕ್ಕ ಒಂದು ಕಾಣುತ್ತಿದ್ದವು. ಅವರ ಹಿಂದೆ ಪೊರಕೆ ಹಿಡಿದು ನಿಂತ ಲೇತಿನ ಕೆಲಸದವರು.

ಒಡತಿ ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿದ್ದುಬಿಡು, ಎಂದಿತು ಗೆರೆಯಪ್ಪನ ಮನಸ್ಸು. ಸಹಿ ಆಗಲಿ, ಯಂತ್ರ ಸಾಗಿಸುವುದಕ್ಕೆ ಇನ್ನೂ ಹತ್ತು ತಿಂಗಳಿದೆ. ಗೂಡನ್ನು ಕಳಚಿ ಬೇರೆ ಒಯ್ದರಾಯಿತು. ಆದರೆ ಆ ಗೂಡು ಚೌಕಟ್ಟಿಗೇ ಬೆಸುಗೆಯಾದದ್ದು, ಕಳಚಲು ಬಾರದು. ನಕ್ಷೆಯಲ್ಲಿ ಹಾಗೆ ಬರೆದವನು ತಾನೇ. ಮಳೆಯಲ್ಲಿ ಟಾರ್ಪಾಲು ಹಿಡಿದು ನಿಂತ ಜನ ಅವನ ಕಣ್ಣಿಗೆ ಕಟ್ಟಿದರು. ಪೆನ್ನಿನ ಮೊನೆ ಕಾಗದಕ್ಕೆ ಇನ್ನೇನು ತಾಗಬೇಕು.

"ಅಮ್ಮ, ಒಂದ್ ನಿಮಿಷ," ಎಂದ. ತನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಅವನಿಗೆ ಕೇಳಿಸಿತು. "ಆ ಎತ್ತರ ತಪ್ಪು."

ಯಜಮಾನರು ನಿಧಾನವಾಗಿ ಕತ್ತು ತಿರುಗಿಸಿದರು.

"ಪೂರ್ತಿ ಯಂತ್ರ ನಮ್ಮ ಕಂಪ್ಯೂಟರ್ ಎಳೀಲಿಲ್ಲ. ಹಗುರ ಮಾಡೋಕೆ ಅಂತ ಕೆಲವು ಭಾಗ ಮರೆಮಾಡ್ದೆ. ಮೇಲಿನ ಗೂಡೂ ಅದರಲ್ಲಿ ಹೋಯ್ತು. ನಿಜವಾದ ಎತ್ತರ ಮೂರು ಸಾವಿರದ ಇನ್ನೂರ ನಲವತ್ತು. ನಿಮ್ಮ ಬಾಗಿಲಲ್ಲಿ ಹಿಡಿಸಲ್ಲ. ಬರೀಬೇಕಿತ್ತು, ಬರೆಯೋಕಾಗ್ಲಿಲ್ಲ. ತಪ್ಪು ನಂದೇ. ಅರ್ಧ ಗಂಟೆ ಅಂದಿದ್ದೂ ನಾನೇ."

ಯಜಮಾನರ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಒಡತಿ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು, ಕಣ್ಣು ಕಿರಿದು ಮಾಡಿ ಗೆರೆಯಪ್ಪನನ್ನೇ ನೋಡಿದರು. ಆ ನೋಟದಡಿ ಅವನು ಮನಸ್ಸಿನಲ್ಲೇ ತನ್ನ ಕುರ್ಚಿಯ ಮೇಲೆ ಬಣ್ಣದ ಡಬ್ಬಗಳನ್ನು ತಾನೇ ಪೇರಿಸಿದ, ಕೆಳಗೆ ದೊಡ್ಡವು, ಮೇಲೆ ಚಿಕ್ಕವು.

ಆಗ ಯಾರೋ ಕೆಮ್ಮಿದರು. ಪಡವಲಕಾಯಿಯಂಥ ನಕ್ಷೆಗಾರ.

"ಅಮ್ಮ," ಎಂದ ಅವನು, ತೊಡೆಯ ಮೇಲಿನ ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು. "ಇವರು ಹೇಳಿದ್ಮೇಲೆ ನಾನು ಹೇಳ್ದೆ ಇರೋದು ಸರಿಯಾಗಲ್ಲ. ನಮ್ಮ ಬಾಗಿಲು ಮೂರು ಸಾವಿರ ಹೌದು. ಗೋಡೇಲಿ."

"ಗೋಡೇಲಿ ಅಂದ್ರೆ? ಬಾಗಿಲು ಇನ್ನೆಲ್ಲಿರುತ್ತೆ?"

"ಅದರ ಒಳಗಡೆ ಅಡ್ಡಕ್ಕೆ ದೊಡ್ಡ ನೀರಿನ ಪೈಪು ಹೋಗಿದೆ. ಅದರ ಕೆಳಗೆ ಎರಡು ಸಾವಿರದ ಆರುನೂರೇ ಉಳಿಯೋದು. ನಕ್ಷೆಲಿ ಪೈಪು ಇಲ್ಲ. ಪೈಪುಗಳನ್ನೆಲ್ಲ ಸೇರಿಸಿದ್ರೆ ನನ್ನ ಕಂಪ್ಯೂಟರ್ ಏಳ್ತಾನೇ ಇರ್ಲಿಲ್ಲ, ಅಮ್ಮ. ನಾನೂ ಹಗುರ ಮಾಡ್ದೆ."

ಒಡತಿ ಅವನನ್ನು ನೋಡಿದರು. ಗೆರೆಯಪ್ಪನನ್ನು ನೋಡಿದರು. ಮತ್ತೆ ಅವನನ್ನು ನೋಡಿದರು.

"ಆ ಪೈಪಿನ ಕೆಳಗೆ ನಾನು ದಿನಾ ಓಡಾಡ್ತೀನಿ," ಎಂದರು ನಿಧಾನವಾಗಿ. "ಅಂದ್ರೆ ಇವರ ಸುಳ್ಳು ಯಂತ್ರ ನಿನ್ನ ಸುಳ್ಳು ಬಾಗಿಲಲ್ಲಿ ಚೆನ್ನಾಗಿ ಹಿಡಿಸ್ತಿತ್ತು."

ಇಬ್ಬರು ನಕ್ಷೆಗಾರರೂ ನೆಲ ನೋಡಿದರು.

ಒಡತಿಯ ಭುಜ ಅಲುಗಿತು. ಮೊದಲು ಅಳುತ್ತಿದ್ದಾರೆಂದು ಎಲ್ಲರೂ ಭಾವಿಸಿದರು. ಅವರು ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಯಜಮಾನರೂ ನಗಬೇಕೋ ಬೇಡವೋ ತಿಳಿಯದೆ ಹಲ್ಲು ಮಾತ್ರ ತೋರಿಸಿದರು. ನಗು ನಿಂತ ಮೇಲೆ ಒಡತಿ ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟರು.

"ಯಂತ್ರ ನನಗೆ ಬೇಕು. ನಿಮ್ಮ ಹತ್ತಿರಾನೇ ಮಾಡಿಸ್ತೀನಿ, ಬೇರೆಯವರ ಹತ್ತಿರ ಹೋಗಲ್ಲ. ಬಾಯ್ಬಿಟ್ಟು ಹೇಳೋ ಒಬ್ಬ ಮನುಷ್ಯನಾದ್ರೂ ಇಲ್ಲಿದಾನೆ. ಆದ್ರೆ ಸಹಿ ಇವತ್ತಿಲ್ಲ."

"ಯಾವಾಗ ಅಂದ್ರೆ ಆವಾಗ," ಎಂದರು ಯಜಮಾನರು. ಹೋದ ಜೀವ ಅವರ ಮುಖಕ್ಕೆ ಮೆಲ್ಲಗೆ ಮರಳುತ್ತಿತ್ತು.

"ಸೋಮವಾರ. ಅಷ್ಟರಲ್ಲಿ ನನಗೊಂದು ನಕ್ಷೆ ಬೇಕು. ನಿಮ್ಮ ಯಂತ್ರ ನಮ್ಮ ಕಟ್ಟಡದ ಒಳಗೆ ನಿಂತಿರಬೇಕು. ಎರಡೂ ಒಂದೇ ಫೈಲಲ್ಲಿ. ಬೋಲ್ಟು, ವೈರು, ಪೈಪು, ಗೂಡು, ಯಾವುದನ್ನೂ ಮರೆಮಾಡೋ ಹಾಗಿಲ್ಲ. ಇವರಿಬ್ಬರೂ ಒಂದೇ ಕಡೆ ಕೂತು ಮಾಡ್ಲಿ. ಒಬ್ಬರು ಹಗುರ ಮಾಡಿದ್ರೆ ಇನ್ನೊಬ್ಬರು ನೋಡ್ಕೊಳ್ಳಲಿ. ನಮ್ಮ ಕಂಪ್ಯೂಟರಂತೂ ಕೆಲಸಕ್ಕೆ ಬರಲ್ಲ ಅಂತ ಆಯ್ತು, ಇಲ್ಲೇ ಕೂತ್ಕೊಳ್ಳಲಿ."

"ಈಗಲೇ ಕೂತ್ಕೋತಾರೆ," ಎಂದರು ಯಜಮಾನರು, ಗೆರೆಯಪ್ಪನ ಕಡೆ ತಿರುಗಿಯೂ ನೋಡದೆ.

ಹೊರಗೆ ಬಂದಾಗ ಗುಮಾಸ್ತರು ಅವನ ಬೆನ್ನು ತಟ್ಟಿದರು. "ಬೋಲ್ಟು ಮುಟ್ಬೇಡಿ ಅಂತ ನಾನು ಬೆಳಿಗ್ಗೇನೇ ಹೇಳಿದ್ದೆ." ಮಾವನನ್ನು ಕಣ್ಣಿನ ಡಾಕ್ಟರ ಬಳಿಗೆ ತಾನು ಕರೆದುಕೊಂಡು ಹೋಗುತ್ತೇನೆಂದು ಫ್ಯೂಸಣ್ಣ ಒಪ್ಪಿಕೊಂಡ. ಮಾವ ಹೋಗುವ ಮುನ್ನ ಅಳಿಯನ ಕೈ ಹಿಡಿದು, ಇರುವ ಒಂದು ಕಣ್ಣಲ್ಲಿ ಅವನ ಮುಖವನ್ನು ದಿಟ್ಟಿಸಿ, "ನೀವು ಮಾತಾಡಿದ್ದು ಪೂರ್ತಿ ಕೇಳಿಸ್ಲಿಲ್ಲ. ನಿಂತ ರೀತಿ ಮಾತ್ರ ಚೆನ್ನಾಗಿತ್ತು," ಎಂದರು. ಇಡೀ ದಿನದಲ್ಲಿ ಗೆರೆಯಪ್ಪನ ಹೊಟ್ಟೆಗೆ ಬಿದ್ದದ್ದು ಅದೊಂದೇ.

ಉದ್ದನೆಯ ನಕ್ಷೆಗಾರ ಸುರುಳಿಯೊಂದಿಗೆ ಅವನ ಕೋಣೆಗೆ ಬಂದ. ಮುಚ್ಚಳ ತೆಗೆದಿಟ್ಟ ಕಂಪ್ಯೂಟರನ್ನೂ ಅದರ ಮುಂದಿದ್ದ ಎದೆಯುದ್ದದ ಫ್ಯಾನನ್ನೂ ನೋಡಿ, ಏನೂ ಕೇಳದೆ, ಮನೆಯ ನೆನಪಾದವನಂತೆ ತಲೆಯಾಡಿಸಿ ಸ್ಟೂಲಿನ ಮೇಲೆ ಕೂತ. ಜೇಬಿನಿಂದ ಕಟ್ಟಡದ ಫೈಲಿದ್ದ ಪುಟ್ಟ ಪೆನ್‌ಡ್ರೈವ್ ಕಡ್ಡಿಯನ್ನು ತೆಗೆದು ಕೊಟ್ಟ.

ಗೆರೆಯಪ್ಪ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಹಸಿರು ಪಟ್ಟಿ ಬಂತು. ಇಬ್ಬರೂ ಕೈಕಟ್ಟಿ ಅದನ್ನು ನೋಡುತ್ತ ಕೂತರು. ಕಾಲು ಗಂಟೆ ಕಳೆಯಿತು. ಪಟ್ಟಿ ಅಲುಗಲಿಲ್ಲ.

"ನಿಮ್ಮ ಕಟ್ಟಡದಲ್ಲಿ ಎಷ್ಟು ಭಾಗ ಇವೆ?" ಎಂದು ಗೆರೆಯಪ್ಪ ಕೊನೆಗೂ ಕೇಳಿದ.

"ಇಪ್ಪತ್ತಾರು ಸಾವಿರ," ಎಂದ ಅವನು. ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡು ಸೇರಿಸಿದ: "ಛಾವಣಿ ಬಿಟ್ಟು."